ಮುಂದಿನ ಚಕ್ರದ ಮಣ್ಣು

ಹೊನ್ನಕ್ಕ ಕಟ್ಟೆಯ ಮೇಲೆ ಕೂತು ಅಕ್ಕಿ ಕೇರುತ್ತಿದ್ದಳು. ಹಚ್ಚೆ ಹಾಕಿದ ಕೈಯಲ್ಲಿ ಮೊರ ಹದವಾಗಿ ಕುಣಿಯುತ್ತಿತ್ತು. ಅಂಗಳದಲ್ಲಿ ಮೇಸ್ತ್ರಿ ಹಿದಾಯತ್ ಕಾರಿನ ಮುಂದಿನ ಚಕ್ರವನ್ನು ಮತ್ತೊಮ್ಮೆ ಬಿಚ್ಚಿದ.

"ನಲವತ್ತು ಮೈಲಿ ಸ್ಪೀಡು ದಾಟಿದ್ರೆ ಸಾಕು, ಸ್ಟೇರಿಂಗು ಚಳಿಜ್ವರ ಬಂದಂಗೆ ನಡುಗ್ತೈತೆ," ಎಂದ ಮುರುಗೇಶಪ್ಪ. ದಾವಣಗೆರೆಯ ಹತ್ತಿ ದಲ್ಲಾಲಿ, ಹೊನ್ನಕ್ಕನ ಮಗ. "ಟೈರ್ ಬದಲಾಯಿಸ್ದಿ, ಬೇರಿಂಗ್ ಬದಲಾಯಿಸ್ದಿ. ವಾರ ಚೆನ್ನಾಗಿರ್ತೈತೆ, ಮತ್ತೆ ಶುರು."

"ದೆವ್ವ ಹಿಡಿದೈತೆ ಸಾಹುಕಾರ್ರೆ. ತಾಯತ ಕಟ್ಸಿ ನೋಡ್ರಿ."

"ಓಬಕ್ಕನ ಊರಿಗೆ ಯಾವಾಗ ಹೋಗದಪ್ಪ?" ಎಂದಳು ಹೊನ್ನಕ್ಕ.

ಓಬಕ್ಕ ಅವಳ ತಂಗಿ. ಮಂಡಿನೋವಿನಿಂದ ಉಕ್ಕಡಗಾತ್ರಿ ಬಿಟ್ಟು ಕದಲುವಂತಿಲ್ಲ. 'ಯಾವಾಗ ಬರ್ತೀ, ಯಾರು ಕರ್ಕೊಂಡು ಬರ್ತಾರೆ?' ಎಂದು ದೀಪಾವಳಿಗೇ ಬರೆದಿದ್ದಳು. ಹೊನ್ನಕ್ಕ ಬರೆಯಬೇಕಿದ್ದ ಉತ್ತರದ ಕಾರ್ಡಿನಲ್ಲಿ ಇನ್ನೂ ಬರೀ ವಿಳಾಸವಿತ್ತು.

"ಇಂಥ ಗಾಡ್ಯಾಗೆ ಅಷ್ಟು ದೂರ ಬ್ಯಾಡವ್ವ. ಪ್ರತಿ ಸೋಮವಾರ ಹರಿಹರದ ಗುಡಿಗೆ ಹೋಗಿ ಬರ್ತೀಯಲ್ಲ, ಸದ್ಯಕ್ಕೆ ಸಾಕು. ನನಗೂ ಪುರುಸೊತ್ತು ಆಗ್ಲಿ."

ಸ್ಟೇರಿಂಗು ತಿರುಗಿಸಿ ನೋಡಲು ಒಳಗೆ ಹತ್ತಿದ ಹಿದಾಯತನ ಮೊಣಕಾಲು ಢಣ್ಣನೆ ಬಡಿಯಿತು. ಕಂಬದ ಹತ್ತಿರ ನಿಂತಿದ್ದ ಆರಡಿಯ ಡ್ರೈವರ್ ಉಜ್ಜನಪ್ಪನ ಕಡೆ ತಿರುಗಿದ.

"ಸೀಟು ಇಷ್ಟು ಮುಂದೆ ಎಳ್ದೀಯಲ್ಲೋ! ಮೊಣಕಾಲು ಬಾಯಾಗಿಟ್ಕೊಂಡು ಗಾಡಿ ಹೊಡೀತೀಯೇನು?"

ಉಜ್ಜನಪ್ಪ ಕೆಮ್ಮಿದ. ಮೊರ ಒಂದು ಗಳಿಗೆ ನಿಂತು, ಮತ್ತೆ ಕುಣಿಯಿತು.

ಹಿದಾಯತ್ ಕೆಳಗಿಳಿದು, ಬಿಚ್ಚಿಟ್ಟ ಚಕ್ರದ ಒಳಬದಿಗೆ ಕೈ ಹಾಕಿ ತಡಕಿದ. ಒಣಗಿ ಕಲ್ಲಾಗಿದ್ದ ಮಣ್ಣಿನ ಹೆಂಟೆ ಕೈಗೆ ಬಂತು.

"ಸಿಕ್ಕ ಕಳ್ಳ! ಒಂದು ಕಡೆ ಇಷ್ಟು ಭಾರ ಕೂತ್ರೆ ಚಕ್ರ ಕುಣೀದೆ ಇರ್ತೈತಾ? ಬಿಚ್ಚಿದಾಗೆಲ್ಲ ಬಡಿದು ಉದುರಿಸಿ, ಗುಡಿಸಿ ಹಾಕಿ, ಬೇರಿಂಗನ್ನ ಬೈತಿದ್ದೆ ನಾನು!" ಹೆಂಟೆಯನ್ನು ಪುಡಿ ಮಾಡಿದ. ಮರಳು ಮಿನುಗಿತು. "ನಮ್ಮೂರ ಎರೆಮಣ್ಣು ಅಲ್ಲ ಇದು. ಹೊಳೆ ಮಣ್ಣು."

ಮುರುಗೇಶಪ್ಪನ ಮುಖ ಕೆಂಪೇರಿತು. "ಅವ್ವ ಗುಡಿಯಾಗೆ ಕೈ ಮುಗೀತಾ ನಿಂತಿದ್ರೆ, ನೀನು ನನ್ನ ಗಾಡ್ಯಾಗೆ ಮರಳು ಹೊಡೀತೀಯೇನೋ?"

"ಇಲ್ರಿ."

"ಮತ್ತೆ ಹೊಳಿಯಾಗೆ ಏನು ಕೆಲಸ?"

ಉಜ್ಜನಪ್ಪ ಮೊರದ ಕಡೆ ನೋಡಿದ.

"ನಾಳೆಯಿಂದ ಬರ್ಬ್ಯಾಡ."

"ಅವನ ಕೈಯಿಂದ ಏನೂ ತಪ್ಪಾಗಿಲ್ಲ ಬಿಡೋ," ಎಂದಳು ಹೊನ್ನಕ್ಕ, ನುಚ್ಚು ಆಚೆಗೆ ಸರಿಸುತ್ತ. "ಸೋಮವಾರ ಒಂದು ಕಳೀಲಿ."

"ಆಗ್ಲಿ. ಸೋಮವಾರ ನಾನೇ ಹೋಗಿ ಹಿಡೀತೀನಿ."

ಸೋಮವಾರ ಹಿದಾಯತನ ಮೋಟಾರು ಸೈಕಲ್ ಮೇಲೆ ಅವನ ಹಿಂದೆ ಕೂತು ಮುರುಗೇಶಪ್ಪ ಹರಿಹರಕ್ಕೆ ಬಂದ. ಗುಡಿಯ ಮುಂದೆ ಕಾರಿರಲಿಲ್ಲ. ಹೊಳೆದಂಡೆಯ ಹೊಂಗೆ ಮರದ ಕೆಳಗೆ ಉಜ್ಜನಪ್ಪ ಮಂಡಕ್ಕಿ ತಿನ್ನುತ್ತ ಕೂತಿದ್ದ. ಪಕ್ಕದಲ್ಲಿ ಹಣ್ಣುಕಾಯಿ ಬುಟ್ಟಿ. ಎದುರಿನ ಹಸಿ ಮಣ್ಣಿನಲ್ಲಿ ಕಾರು ಕೆಸರು ಹಾರಿಸುತ್ತ ಸುತ್ತು ಹಾಕುತ್ತಿತ್ತು.

"ಗಾಡಿ ಯಾರ ಕೈಗೆ ಕೊಟ್ಟೀಯಲೇ?"

ಉಜ್ಜನಪ್ಪ ದಡಬಡಿಸಿ ಎದ್ದ. "ಬ್ಯಾಡ ಅನ್ನೋಕೆ ನಾನ್ಯಾರ್ರಿ?"

ಕಾರು ಇವರ ಕಡೆಗೇ ತಿರುಗಿ, ಎರಡು ಸಲ ಮುಗ್ಗರಿಸಿ, ಮುರುಗೇಶಪ್ಪನ ಕಾಲಬುಡದಲ್ಲೇ ನಿಂತಿತು. ಸ್ಟೇರಿಂಗಿನ ಕಡೆಯ ಕಿಟಕಿಯಿಂದ ಹಚ್ಚೆ ಹಾಕಿದ ಕೈಯೊಂದು ಕಾರ್ಡು ಹಿಡಿದು ಹೊರಬಂತು.

"ಹಿಂದೆ ಕುಂದ್ರು ಮುರುಗೇಶ. ಕಲಿಸಿದ ಗುರು ಮುಂದೆ ಕೂತ್ಕಂತಾನೆ, ಅವನನ್ನ ಕೆಲಸ ಬಿಡಿಸೀಯ ಮತ್ತೆ! ಹಿದಾಯತ್, ಇದನ್ನ ಟಪಾಲು ಡಬ್ಬಿಗೆ ಹಾಕ್ಬಿಡಪ್ಪ. ಯಾರು ಕರ್ಕೊಂಡು ಬರ್ತಾರೆ ಅಂತ ಕೇಳಿದ್ಳಲ್ಲ ಓಬಕ್ಕ, ಮಗನ್ನ ನಾನೇ ಕರ್ಕೊಂಡು ಬರ್ತೀನಿ ಅಂತ ಬರ್ದೀನಿ."