ಹೊರಗೆ ಹೋಗಲು ಕಾರಣ

ಸರಿಯಾದ ಕಾರಣ ಹೇಳದಿದ್ದರೆ ನಮ್ಮೂರಿನಲ್ಲಿ ಯಾವ ಮನೆಯ ಬಾಗಿಲೂ ತೆರೆಯುವುದಿಲ್ಲ. ಸಂಜೆ ಚಪ್ಪಲಿ ಮೆಟ್ಟಿ ನಿಂತೆ.

"ಎಲ್ಲಿಗಮ್ಮಾ?" ಎಂದಿತು ಬಾಗಿಲು.

"ಬಸ್ ಸ್ಟಾಪಿಗೆ. ನಮ್ಮನೆಯವರು ಬರೋ ಹೊತ್ತು."

"ಯಜಮಾನರು ತೀರಿಕೊಂಡು ವರ್ಷವಾಯಿತು. ಅದು ಕಾರಣವಲ್ಲ."

"ಹಾಗಾದರೆ ಹಾಲು ತರಬೇಕು."

"ಫ್ರಿಜ್ಜಿನಲ್ಲಿ ಹಾಲಿದೆ."

ಒಳಗೆ ಹೋಗಿ ಪ್ಯಾಕೆಟ್ ಕತ್ತರಿಸಿ ಹಾಲನ್ನೆಲ್ಲ ಸಿಂಕಿಗೆ ಸುರಿದೆ. ಬಾಗಿಲು ತೆರೆಯಿತು.

ಸ್ಟಾಪಿನಲ್ಲಿ ಪಕ್ಕದ ಮನೆಯ ವಿಮಲಾಕ್ಷಿ ಕೂತಿದ್ದರು. ಅವರ ಮಡಿಲಲ್ಲಿ ಹೊಸ ಬಲ್ಬ್ ಇತ್ತು.

"ಹಳೇದನ್ನ ನಾನೇ ಒಡೆದೆ," ಎಂದರು ಮೆಲ್ಲಗೆ. "ನಿಮ್ಮದೇನು?"

"ಹಾಲು ಚೆಲ್ಲಿದೆ."

ಬಸ್ಸು ಬಂತು. ಯಾರೂ ಇಳಿಯಲಿಲ್ಲ. ಅದು ತಿರುವು ದಾಟುವವರೆಗೂ ಇಬ್ಬರೂ ನೋಡುತ್ತಿದ್ದೆವು.

"ನಾಳೆ ಏನು ಮಾಡ್ತೀರಿ?" ಎಂದು ಕೇಳಿದರು.

"ಮನೇಲಿ ಇನ್ನೂ ಎಣ್ಣೆ ಇದೆ," ಎಂದೆ.