ಬೆಚ್ಚಗಿನ ನೆಲ

ಬಿತ್ತಿ ಒಂಬತ್ತು ದಿನ ಕಳೆದರೂ ಒಂದೇ ಒಂದು ಮೊಳಕೆ ಕಾಣಲಿಲ್ಲ. ಮಾರ್ತಿನಾ ಬರಿಗಾಲಲ್ಲಿ ಹೊಲವನ್ನೆಲ್ಲ ಸುತ್ತಿ ಬಂದು ಅಳಿಯ ಹೆರ್ಮನ್‌ನ ಮುಂದೆ ನಿಂತಳು. ಅವಳ ಮುಖದಲ್ಲಿ ಚಿಂತೆಯೇ ಇರಲಿಲ್ಲ. ಹೆರ್ಮನ್‌ಗೆ ತಡೆದುಕೊಳ್ಳಲಾಗದಿದ್ದದ್ದು ಅದೇ.

“ನೆಲ ಬೆಚ್ಚಗಿದೆ ಕಣೋ,” ಎಂದಳು. “ಕಾವಿಗೆ ಕೂತ ಕೋಳಿ ಹೊಟ್ಟೆ ಕೆಳಗೆ ಕೈ ಇಟ್ಟ ಹಾಗಿದೆ. ಹನ್ನೆರಡು ವರ್ಷ ಗಣಿಯವರ ಕೈಲಿತ್ತಲ್ಲ, ನಮ್ಮ ಗುರುತು ಹತ್ತೋಕೆ ನಾಲ್ಕು ದಿನ ಬೇಕು ಅದಕ್ಕೆ.”

ಹೆರ್ಮನ್ ಬಗ್ಗಿ ನೆಲಕ್ಕೆ ಅಂಗೈ ಒತ್ತಿದ. ರಾತ್ರಿಯೆಲ್ಲ ಮಳೆ ಸುರಿದಿತ್ತು, ಬಿಸಿಲು ಇನ್ನೂ ಅಕೇಶಿಯಾ ಸಾಲು ದಾಟಿರಲಿಲ್ಲ. ಆ ಹೊತ್ತಿನಲ್ಲಿ ನೆಲ ಬೆಚ್ಚಗಿರುವುದಕ್ಕೆ ಒಂದೇ ಕಾರಣವಿತ್ತು.

ಈ ಗಣಿಯಲ್ಲಿ ಕೊನೆಯ ದಿನದವರೆಗೂ ಬುಲ್ಡೋಜರ್ ಓಡಿಸಿದವನು ಅವನೇ. ಕಲ್ಲಿದ್ದಲು ತೆಗೆದು ಮುಗಿದ ಮೇಲೆ ಕಂಪನಿಯವರು ಹಳ್ಳ ಮುಚ್ಚಿ, ಮಣ್ಣು ಹರಡಿ, ಗಿಡ ನೆಟ್ಟು, ನೆಲವನ್ನು ಅದರ ಒಡೆಯರಿಗೆ ಒಪ್ಪಿಸಬೇಕಿತ್ತು. ಸರ್ಕಾರದ ತಪಾಸಣೆಗೆ ಮೂರೇ ದಿನ ಉಳಿದಿತ್ತು. ಪಡುವಣ ಅಂಚಿನಲ್ಲಿ ಕಲ್ಲಿದ್ದಲಿನ ಕರಿ ಪದರ ಹಾಗೇ ಬಿದ್ದಿತ್ತು. ಅದರ ಮೇಲೆ ಒಂದು ಮೊಳ ಮಣ್ಣೆಳೆದು ಸಪಾಟು ಮಾಡಿದ್ದೂ ಹೆರ್ಮನ್ನೇ. ಆ ಅಂಚೇ ಪೂರ್ತಿಯಾಗಿ ಅತ್ತೆಯ ಪಾಲಿಗೆ ಬಂತು. ನೆಲ ಕೈಗೆ ಸಿಕ್ಕ ದಿನ ಆಕೆ ಮಣ್ಣಿಗೆ ಕೆನ್ನೆ ಒತ್ತಿ ಗಳಗಳನೆ ಅತ್ತಿದ್ದಳು. ಅದನ್ನು ನೋಡಿದ ಮೇಲೆ ಇವನ ಬಾಯಿಗೆ ಬೀಗ ಬಿತ್ತು. ಕೆಳಗೇನಿದ್ದರೇನು, ಭತ್ತದ ಬೇರು ಅಷ್ಟು ಆಳಕ್ಕೆ ಹೋಗುತ್ತದೆಯೇ ಎಂದು ಸಮಾಧಾನ ಮಾಡಿಕೊಂಡ.

ಬಿತ್ತುವ ಮೊದಲು ಹೊಲ ಸುಡಬೇಕೆಂಬುದು ಆಗ ಅವನ ತಲೆಗೇ ಹೊಳೆದಿರಲಿಲ್ಲ. ಮಹಾಕಾಮ್ ನದಿಯ ಈ ಸೀಮೆಯಲ್ಲಿ ಸುಡದ ನೆಲಕ್ಕೆ ಯಾರೂ ಬೀಜ ಹಾಕುವುದಿಲ್ಲ. ಹುಲ್ಲು ಸವರಿ, ಒಣಗಿಸಿ, ಬೆಂಕಿ ಕೊಡಬೇಕು. ಬೂದಿ ಆರಿದ ಮೇಲೆ ಗಂಡಸರು ಚೂಪು ಕೋಲಿನಿಂದ ಗುಳಿ ಮಾಡುತ್ತ ಮುಂದೆ ಹೋಗಬೇಕು, ಹೆಂಗಸರು ಗುಳಿಗೆ ಏಳೆಂಟು ಕಾಳು ಉದುರಿಸುತ್ತ ಹಿಂದೆ ಬರಬೇಕು. ಅತ್ತೆಗೆ ಗಂಡುಮಕ್ಕಳಿಲ್ಲ, ಹಾಗಾಗಿ ಕೊಳ್ಳಿ ಹಿಡಿಯುವುದು ಅಳಿಯನ ಪಾಲಿಗೆ ಬಂತು. ಅಡಿಯ ಕರಿ ಪದರ ನೆನಪಾಗಿ ಒಂದು ಕ್ಷಣ ಹಿಂಜರಿದಿದ್ದ. “ಏನೋ, ಮದುವೆ ದಿನ ನಿಂತ ಹಾಗೆ ನಿಂತುಬಿಟ್ಟೆ!” ಎಂದು ಅತ್ತೆ ಛೇಡಿಸಿದಳು. ಊರವರೆಲ್ಲ ಘೊಳ್ಳನೆ ನಕ್ಕರು. ಅವನೂ ನಕ್ಕು ಬೆಂಕಿ ಹಚ್ಚಿದ.

ಈಗ ಪಡುವಣ ಮೂಲೆಯಲ್ಲಿ ಬಿರುಕುಬಿಟ್ಟ ನೆಲದಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಮಾರ್ತಿನಾ ಅದನ್ನು ಮಂಜು ಅಂದುಕೊಂಡಿದ್ದಳು.

ಗಿಡ ಎಣಿಸಲೆಂದು ಕಂಪನಿ ಬಿಟ್ಟುಹೋಗಿದ್ದ ಸುಗೆಂಗ್ ಬೈಕಿನಲ್ಲಿ ಬಂದ. ಜಾವಾದವನು, ಮನುಷ್ಯ ಒಳ್ಳೆಯವನೇ. ಹೊಗೆ ಕಂಡದ್ದೇ ತಲೆಯ ಮೇಲೆ ಕೈ ಹೊತ್ತುಕೊಂಡ.

“ಸುಟ್ಟುಬಿಟ್ರಾ? ಸುಡಬಾರದು ಅಂತ ನೆಲ ಒಪ್ಪಿಸಿದ ಕಾಗದದಲ್ಲಿ ಬರೆದಿತ್ತಲ್ಲಮ್ಮಾ!”

“ಯಾಕೆ ಸುಡಬಾರದು ಅಂತ ಬರೆದಿತ್ತಾ?”

ಅದು ಬರೆದಿರಲಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವ ಜಾತಿ ಈ ಕಾಗದಗಳು.

“ಹೋಗಲಿ, ನೀರು ಹೊಯ್ಯೋಣ,” ಎಂದಳು ಮಾರ್ತಿನಾ. “ಇಡೀ ಊರನ್ನೇ ಕರೀತೀನಿ. ನದಿ ಏನು ದೂರ ಇಲ್ಲ.”

“ನೀರಿಗೆಲ್ಲ ಆರಲ್ಲಮ್ಮ. ಅಡೀಲಿ ಹತ್ತಿರೋದು ಕಲ್ಲಿದ್ದಲು. ಅಷ್ಟನ್ನೂ ಅಗೆದು ತೆಗೀಬೇಕು. ಯಂತ್ರಗಳೆಲ್ಲ ಹೋದ ತಿಂಗಳೇ ಬೇರೆ ಗಣಿಗೆ ಹೋದ್ವು.”

“ಎಷ್ಟು ದಿನ ಉರಿಯುತ್ತೆ?”

“ದಿನ ಅಲ್ಲ,” ಎಂದ ಸುಗೆಂಗ್, ಅವಳ ಮುಖ ನೋಡದೆ. “ನದಿ ಮೇಲ್ಗಡೆ ಒಂದು ಗುಡ್ಡ ಇದೆ. ನಾನು ಹುಟ್ಟೋಕ್ ಮುಂಚೆ ಹತ್ತಿದ್ದು, ಇನ್ನೂ ಹೊಗೆ ಬರ್ತಿದೆ.”

ಮಾರ್ತಿನಾ ಅಲ್ಲೇ ನೆಲದ ಮೇಲೆ ಕೂತಳು. ಹೆರ್ಮನ್ ಹತ್ತಿರ ಬಂದು, ಪಿಸುದನಿಯಲ್ಲಿ ಕೇಳಿದ: “ಬೀಜ ಮನೇಲಿ ಇನ್ನಷ್ಟು ಇದೆ ತಾನೇ ಅತ್ತೆ?”

ಅವಳು ಇಲ್ಲವೆಂದು ತಲೆಯಾಡಿಸಿದಳು. ಅವಳ ಅಜ್ಜಿಯ ಕಾಲದ ಕೆಂಪು ಭತ್ತ ಅದು. ಎರಡು ವರ್ಷ ಬಿತ್ತದೆ ಇಟ್ಟರೆ ಸಾಯುತ್ತದೆಂದು, ಪ್ರತಿ ವರ್ಷ ಆಚೆ ದಂಡೆಯ ತಂಗಿಯ ಕಾಲು ಹಿಡಿದು, ಅವಳ ಹೊಲದ ಒಂದು ಮೂಲೆಯಲ್ಲಿ ಬೆಳೆದು, ಒಂದು ಬುಟ್ಟಿ ಬೀಜವನ್ನು ಹನ್ನೆರಡು ವರ್ಷ ಬದುಕಿಸಿಕೊಂಡಿದ್ದಳು. ಬೇರೆ ಯಾರ ಮನೆಯಲ್ಲೂ ಈಗ ಆ ತಳಿ ಇರಲಿಲ್ಲ.

“ಸ್ವಂತ ನೆಲಕ್ಕೆ ಕರ್ಕೊಂಡು ಬರ್ತಾ ಒಂದು ಹಿಡಿ ಬಚ್ಚಿಟ್ಟರೆ ಭತ್ತಕ್ಕೆ ಅನುಮಾನ ಬರುತ್ತೆ ಕಣೋ,” ಎಂದಳು. “ಬುಟ್ಟಿ ಕೊಡವಿಕೊಂಡು ತಂದೆ.” ಅಳಿಯನ ಕಡೆ ತಿರುಗಿ ಕೇಳಿದಳು: “ಅಡೀಲಿ ಇದು ಇದೆ ಅಂತ ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು ಅತ್ತೆ. ಮಣ್ಣು ಮುಚ್ಚಿದ್ದು ನಾನೇ.”

ಬೈಯುತ್ತಾಳೆ, ಚೂಪು ಕೋಲು ತೆಗೆದುಕೊಂಡು ನಾಲ್ಕು ಬಾರಿಸುತ್ತಾಳೆ ಎಂದು ಕಾದ. ಬಾರಿಸಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ಎದ್ದು ಹೊಗೆಯ ಪಕ್ಕದ ಗುಳಿಯ ಹತ್ತಿರ ಹೋಗಿ ಕೂತು ಬೆರಳಿನಿಂದ ಕೆದಕಿದಳು. ಹೊರಬಂದ ಕಾಳುಗಳು ಬಿಸಿಯಾಗಿದ್ದವು. ಒಂದು ಅಂಗೈಯಿಂದ ಇನ್ನೊಂದು ಅಂಗೈಗೆ ಹಾಕುತ್ತ, ಊದಿ ಊದಿ ಆರಿಸಿದಳು. ಉಜ್ಜಿ ಹೊಟ್ಟು ಹಾರಿಸಿ, ಅರ್ಧ ತಾನು ಇಟ್ಟುಕೊಂಡು ಇನ್ನರ್ಧ ಅಳಿಯನ ಕೈಗೆ ಹಾಕಿದಳು.

“ತಿನ್ನು,” ಎಂದಳು. “ಈ ವರ್ಷದ ಹೊಸಕ್ಕಿ.”

ಹೆರ್ಮನ್ ಬಾಯಿಗೆ ಹಾಕಿಕೊಂಡ. ಹದವಾಗಿ ಹುರಿದಿತ್ತು.