ಎದೆಯ ಮೇಲಿನ ಮುಖ

"ಅಭಿಮಾನದ ಗೆರೆ ಹೀಗಿರಲ್ಲಮ್ಮ," ಎಂದರು ಚಿತ್ರಕಲೆಯ ಮೇಷ್ಟ್ರು, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು. "ಯಾರೋ ಹಲ್ಲು ಕಚ್ಚಿಕೊಂಡು ಬರೆದ ಹಾಗಿದೆ."

"ಸ್ಪರ್ಧೆಗೆ ಕಳಿಸಬಹುದಾ ಸರ್?"

"ಕಳಿಸು. ಗೆದ್ದರೂ ಗೆದ್ದೆ. ಆದ್ರೆ ಅಭಿಮಾನಿಗಳ ಟೀ ಶರ್ಟ್ ಅಂದಮೇಲೆ ಗಾಯಕನ ಮುಖ ಇರಬೇಕಲ್ವಾ? ಇವಳ್ಯಾರು?"

"ಅವನ ಹಾಡಿನ ಹುಡುಗಿ ಸರ್."

ಸುಳ್ಳು ಹೇಳಿದೆನೆಂದು ಅವಳಿಗೆ ಅನಿಸಲಿಲ್ಲ. ಕಡ್ಡಿಯಂಥ ಮೈ, ಕಿವಿಯ ಮೇಲೆ ಸದಾ ಸಿಕ್ಕಿಸಿಕೊಂಡ ಪೆನ್ಸಿಲ್ಲು. ಕಾಲೇಜಿನಲ್ಲಿ ಅವಳಿಗೆ ಪೆನ್ಸಿಲ್ ಎಂದೇ ಹೆಸರು. ಜೊತೆಯವರು ಆ ಗಾಯಕನ ಬ್ಯಾಂಡಿನ ಹಾಡಿಗೆ ಪ್ರಾಣ ಬಿಡುತ್ತಿದ್ದರು. ಪೆನ್ಸಿಲ್ ಅದೇ ಹಾಡುಗಳನ್ನು ಶತ್ರುವಿನ ಮನೆಯ ಬಾಗಿಲು ಕಾಯುವವಳಂತೆ ಕೇಳುತ್ತಿದ್ದಳು.

ಅವಳು ಹುಟ್ಟುವ ಮೊದಲೇ ಅಪ್ಪ ಕೈಕೊಟ್ಟು ಹೋಗಿದ್ದ. ಯಾರು, ಏನು ಎಂದು ಕೇಳಿದರೆ ಅಮ್ಮನ ಬಾಯಿಗೆ ಬೀಗ. ಅಮ್ಮನಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ. "ಊರಿಗೆಲ್ಲ ಕಣ್ಣು ಕೊಡೋಳು, ಆ ವಯಸ್ಸಲ್ಲಿ ತಾನೇ ಕುರುಡಿಯಾದಳು," ಎಂದು ಒಮ್ಮೆ ಚಿಕ್ಕಮ್ಮ ಬಾಯಿ ಜಾರಿದ್ದಳು. "ಆ ಬ್ಯಾಂಡಿನವನ್ನ ನಂಬಿ ಕೆಟ್ಟಳು." ಟೀವಿಯಲ್ಲಿ ಆಗ ಅದೇ ಬ್ಯಾಂಡು ಬರುತ್ತಿತ್ತು. ಚಿಕ್ಕಮ್ಮನ ಬೆರಳು ಪರದೆಯ ಕಡೆ ಹೋಗಿ ತಟ್ಟನೆ ಮಡಿಸಿಕೊಂಡಿತ್ತು.

ಅಷ್ಟು ಸಾಕಾಯಿತು. ಆ ಬ್ಯಾಂಡು ಎಂದರೆ ಗಾಯಕ. ಉಳಿದವರೆಲ್ಲ ಆಟಕ್ಕುಂಟು, ಲೆಕ್ಕಕ್ಕಿಲ್ಲ. ಮೇಲಾಗಿ ಅಮ್ಮನ ನಡವಳಿಕೆಯೇ ಸಾಕ್ಷಿ ಹೇಳುತ್ತಿತ್ತು. ಕೈಬಿಟ್ಟ ಹುಡುಗಿಯೊಬ್ಬಳನ್ನು ನೆನೆಯುವ ಅವರ ಹೆಸರಾಂತ ಹಾಡು ಬಂದರೆ ಸಾಕು, ಡ್ರಮ್ಮಿನ ಮೊದಲ ಪೆಟ್ಟು ಬೀಳುವಷ್ಟರಲ್ಲಿ ಅಮ್ಮ ಟೀವಿ ಆರಿಸುತ್ತಿದ್ದಳು. ಗಾಯಕ ಬಾಯಿ ತೆರೆಯುವವರೆಗೂ ಬಿಡುತ್ತಿರಲಿಲ್ಲ. ಅವನ ದನಿ ಕೇಳುವುದೂ ಅಷ್ಟು ಅಸಹ್ಯ ಎಂದುಕೊಂಡಳು ಪೆನ್ಸಿಲ್.

ಒಂದು ದಿನ ನೇರವಾಗಿಯೇ ಕೇಳಿದಳು. "ಅವನೇ ಅಲ್ವೇನಮ್ಮ?"

"ಯಾವನು?"

"ಊರೆಲ್ಲ ಯಾರನ್ನ ತಲೆ ಮೇಲೆ ಹೊತ್ತು ಮೆರೆಸ್ತಿದೆಯೋ ಅವನು."

ಅಮ್ಮ ಕೈಯಲ್ಲಿದ್ದ ಗಾಜನ್ನು ಒರೆಸುತ್ತಲೇ ನಕ್ಕಳು. "ಊರು ನೋಡೋ ಕಡೆ ನಾನು ಯಾವತ್ತೂ ನೋಡಿದೋಳಲ್ಲ. ಹೋಗು, ಓದ್ಕೋ."

ಜಾರಿಸುವುದರಲ್ಲಿ ಅಮ್ಮ ನಿಸ್ಸೀಮಳು. ಪೆನ್ಸಿಲ್ ಮತ್ತೆ ಕೇಳಲಿಲ್ಲ.

ಬ್ಯಾಂಡು ಟೀ ಶರ್ಟಿನ ಸ್ಪರ್ಧೆ ಸಾರಿದ್ದು ಆಗಲೇ. ಗೆದ್ದ ಚಿತ್ರ ಸಾವಿರಾರು ಎದೆಗಳ ಮೇಲೆ ಅಚ್ಚಾಗುತ್ತದೆ. ಗೆದ್ದವರು ವೇದಿಕೆ ಹತ್ತಿ ಮೊದಲ ಶರ್ಟನ್ನು ಗಾಯಕನಿಗೆ ಕೊಡಬೇಕು, ಎರಡು ಮಾತಾಡಬೇಕು. ಪೆನ್ಸಿಲ್‌ಗೆ ಹಸಿದವಳಿಗೆ ತಟ್ಟೆ ಇಟ್ಟಂತಾಯಿತು.

ಅಮ್ಮ ಮೇಜಿನ ಮುಂದೆ ಕೆಲಸಕ್ಕೆ ಕೂತಾಗ ಎದುರು ಕೂತು ಅವಳ ಮುಖ ಬರೆದಳು. ಮೊದಲು ಇದ್ದ ಹಾಗೆ. ಆಮೇಲೆ ಒಂದೊಂದೇ ವರ್ಷ ಕಳಚುತ್ತ ಬಂದಳು. ಕಣ್ಣಿನ ಕೆಳಗಿನ ನೆರಿಗೆ ಅಳಿಸಿದಳು. ಕೆನ್ನೆ ತುಂಬಿದಳು. ಹಿಂದಕ್ಕೆ ಬಿಗಿದ ಕೂದಲನ್ನು ಗಾಳಿಗೆ ಬಿಟ್ಟಳು. ಕೊನೆಗೆ ಹಾಳೆಯಿಂದ ತನ್ನದೇ ವಯಸ್ಸಿನ ಹುಡುಗಿಯೊಬ್ಬಳು, ಇನ್ನೂ ಮೋಸ ಹೋಗದವಳು, ತನ್ನತ್ತ ನೋಡಿದಾಗ ಪೆನ್ಸಿಲ್ ರಬ್ಬರನ್ನು ಕೆಳಗಿಟ್ಟಳು. ಅಚ್ಚಿಗೆ ಎರಡೇ ಬಣ್ಣ ಎಂಬ ನಿಯಮವಿತ್ತು. ಕಪ್ಪು ಮತ್ತು ಕೆಂಪು ಸಾಕು ಎಂದುಕೊಂಡಳು.

ಅಭಿಮಾನಿಗಳು ಓಟಿನ ಮಳೆಯನ್ನೇ ಸುರಿಸಿದರು.

ಕಾರ್ಯಕ್ರಮದ ಸಂಜೆ ಮೈದಾನದ ತುಂಬ ಅಮ್ಮನ ಮುಖ. ಮೊದಲ ಸಾಲಿನ ಹುಡುಗರ ಎದೆಯ ಮೇಲೆ, ನೀರು ಮಾರುವವನ ಎದೆಯ ಮೇಲೆ, ಕೆಳಗೆ ಕೂತ ಗಾಯಕನ ಹೆಂಡತಿ ಮಕ್ಕಳ ಎದೆಯ ಮೇಲೂ. ಗಾಯಕ ಶರ್ಟನ್ನು ಅಲ್ಲೇ ಹಾಕಿಕೊಂಡು ಪ್ರೇಕ್ಷಕರಿಗೆ ಎದೆಯುಬ್ಬಿಸಿ ತೋರಿಸಿದ. ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ.

"ತುಂಬಾ ಚಂದ ಇದ್ದಾರೆ," ಎಂದ. "ಯಾರಮ್ಮ ಇವರು? ನಿನ್ನ ಅಕ್ಕನಾ?"

ಎಂಥ ನಟ ಎಂದುಕೊಂಡಳು ಪೆನ್ಸಿಲ್. ಮೈಕು ಕೈಗೆ ತೆಗೆದುಕೊಂಡಳು. ಕನ್ನಡಿಯ ಮುಂದೆ ನಿಂತು ಸಾಣೆ ಹಿಡಿದಿಟ್ಟಿದ್ದ ಮಾತು, ನಡುಗದೆ ಬಂತು.

"ನನ್ನಮ್ಮ. ಬಸುರಿ ಅಂತ ಗೊತ್ತಾದ ಮೇಲೆ ನೀನು ನಡುಬೀದಿಯಲ್ಲಿ ಬಿಟ್ಟು ಓಡಿಹೋದ ಹುಡುಗಿ. ಆಮೇಲೆ ಅವಳ ಮೇಲೇ ಹಾಡು ಕಟ್ಟಿ ಹೆಸರು ಮಾಡಿದೆಯಲ್ಲ, ಅವಳು."

ಮೈದಾನದ ತುಂಬ ಫೋನುಗಳು ಮೇಲೆದ್ದವು.

ಗಾಯಕನ ಮುಖ ಬಿಳಿಚಿತು. "ಇವರನ್ನ ನಾನು ನೋಡೇ ಇಲ್ಲಮ್ಮ. ಆ ಹಾಡು ನನ್ನದಲ್ಲ. ನಾನು ಬರೀ ಹಾಡೋನು..."

"ಥೂ!" ಎಂದಿತು ಯಾವುದೋ ದನಿ. ಅದನ್ನೇ ಕಾಯುತ್ತಿದ್ದಂತೆ ಸಾವಿರ ಗಂಟಲು ಸೇರಿಕೊಂಡವು. ನೀರಿನ ಬಾಟಲಿಯೊಂದು ಅವನ ಭುಜಕ್ಕೆ ಬಡಿಯಿತು. ಕೆಳಗೆ ಅವನ ಹೆಂಡತಿ ಮಕ್ಕಳ ಕೈ ಹಿಡಿದೆಬ್ಬಿಸಿ, ತಿರುಗಿ ನೋಡದೆ ಹೊರಟುಬಿಟ್ಟಳು. ಅವನು ಅವಳ ಹೆಸರು ಕೂಗುತ್ತ ವೇದಿಕೆಯ ಅಂಚಿಗೆ ಓಡಿ, ಅಲ್ಲೇ ಮಂಡಿಯೂರಿ ಕುಸಿದ. ಪೆನ್ಸಿಲ್ ಕಣ್ಣು ಮಿಟುಕಿಸದೆ ನೋಡಿದಳು. ಇಷ್ಟು ವರ್ಷದ ಉರಿಗೆ ತಣ್ಣೀರು ಹೊಯ್ದಂತಾಯಿತು.

ಆಗ ಹಿಂದಿನ ಕತ್ತಲಿನಿಂದ, ಡ್ರಮ್ಮುಗಳ ನಡುವಿನಿಂದ, ನರೆಗಡ್ಡದವನೊಬ್ಬ ಎದ್ದು ಬಂದ. ಅವಳ ಕೈಯ ಮೈಕನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ.

"ಅವನನ್ನ ಬಿಟ್ಟುಬಿಡು," ಎಂದ. "ಆವತ್ತು ಅವಳ ಹೊಟ್ಟೇಲಿ ಇದ್ದಿದ್ದು... ನೀನಾ?"